ಯಾವ ಜರ್ನಲ್‌ಗೆ ಕಳಸ್ಲಿ ಸರ್?

ಮೊನ್ನೆ ಕಮಲಾಪುರದ ಹುಡುಗ ಒಬ್ಬ ರೋಜಾದ ನಮ್ಮ ಮನೆಗೆ ಬಂದಿದ್ದ. ಕಲಬುರಗಿಯಿಂದ ಬೀದರಿಗೆ ಹೋಗುವ ಹಳೆಯ ದಾರಿಯ ಊರುಗಳ ಮೇಲೆ ಲೇಖನ ಬರೆದಿದ್ದಾನೆ. "ಇಂಟರ್‌ವ್ಯೂ ಹತ್ರ ಬಂದದ ಸರ್. ಒಂದು ಕಡೆ ರೊಕ್ಕ ಕಟ್ಟಿದ್ರ ಎಂಟು ದಿನದಾಗ ಛಾಪಿಸ್ತಾರಂತ. ಕಟ್ಟಲೇನ್ರಿ?"

ನಾನೂ ಒಮ್ಮೆ ಹಾಗೇ ಕಟ್ಟಿದ್ದೆ. ಎರಡು ವರ್ಷಕ್ಕೆ ಆ ಜರ್ನಲ್ ಮುಚ್ಚಿತು, ನನ್ನ ಲೇಖನವೂ ಅದರ ಜೊತೆಗೇ ಹೋಯಿತು.

"ಯಾರು ಓದಬೇಕಂತ ಬರ್ದಿ ತಮ್ಮಾ? ಮೊದ್ಲ ಅದನ್ನ ಹೇಳು" ಅಂದೆ.

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬೈಯಲ್ಲಿ 'ಇಂಡಿಯನ್ ಆಂಟಿಕ್ವೆರಿ' ಶುರು ಮಾಡಿದರು. ಜೆ.ಎಫ್. ಫ್ಲೀಟ್ ಅದರಲ್ಲಿ ಕನ್ನಡ ಶಾಸನಗಳನ್ನು ಸಾಲುಸಾಲಾಗಿ ಪ್ರಕಟಿಸಿದರು. ಅರಬ್ಬಿ, ಪಾರ್ಸಿ ಶಾಸನಗಳಿಗೆ 1907-08ರಲ್ಲಿ 'ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ' ಅಂತ ಬೇರೆ ಪತ್ರಿಕೆ ಬಂತು. ಟಿ.ಡಬ್ಲ್ಯೂ. ಹೇಗ್ ಗುಲಬರ್ಗಾದ ಶಾಸನಗಳನ್ನು ಅಲ್ಲಿ ಬರೆದರು. ಈ ಭಾಗದ ಕನ್ನಡ ಶಾಸನಗಳ ದೊಡ್ಡ ಸಂಪುಟವನ್ನು ಪಿ.ಬಿ. ದೇಸಾಯಿ 1958ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ತಂದರು.

ಎಲ್ಲರೂ ತಮ್ಮ ಓದುಗರನ್ನು ನೋಡಿಯೇ ಆರಿಸಿದ್ದರು, ಕೆಲಸವೂ ಉಳಿಯಿತು. ಆದರೆ ಒಂದೇ ಜಿಲ್ಲೆಯ ಚರಿತ್ರೆ ಎರಡು ಕಪಾಟು ಸೇರಿತು. ಗುಂಬಜ್ ಓದುವವರು ವೀರಗಲ್ಲಿನ ಕಪಾಟು ತೆಗೆಯೋದು ಅಪರೂಪ, ವೀರಗಲ್ಲಿನವರೂ ಅಷ್ಟೇ. ಈ ಹುಡುಗನ ದಾರಿಗೆ ಎರಡೂ ಬೇಕು. ಬಹಮನಿ ರಾಜಧಾನಿ ಬೀದರಿಗೆ ಹೋದದ್ದು ಕನ್ನಡ ಮಾತಾಡುವ ಹಳ್ಳಿಗಳ ನಡುವೆಯೇ ತಾನೆ?

"ಯುಜಿಸಿ ಪಟ್ಟಿಯೊಳಗ ಇದ್ರ ಸಾಕಲ್ಲ ಸರ್?" ಅಂದ. ಅದೇ ಯುಜಿಸಿ 2018ರಲ್ಲಿ ತನ್ನ ಪಟ್ಟಿಯಿಂದ 4,305 ಜರ್ನಲ್ ತೆಗೆದುಹಾಕಿತು. ಆಮೇಲೆ ಬಂದ 'ಕೇರ್' ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಪಟ್ಟಿ ನಂಬಿ ಬರೆದವರು ಏನ್ ಮಾಡ್ಬೇಕು?

ನಾನು ಹೇಳಿದ್ದು ಇಷ್ಟೇ. ನೀ ಅಡಿಟಿಪ್ಪಣಿಯೊಳಗ ಯಾರ ಹೆಸರು ಹಾಕೀಯೋ ಅವರು ಎಲ್ಲಿ ಬರೀತಾರ, ನೋಡು. ಆ ಜರ್ನಲ್‌ನ ಹಿಂದಿನ ಮೂರು ವರ್ಷದ ಸಂಚಿಕೆ ಕೂತು ಓದು. ಹಳೇ ಸಂಚಿಕೆ ಲೈಬ್ರರಿಯೊಳಗ ಸಿಗ್ತಾವೇನು? ತಪ್ಪು ತಿದ್ದಿ ಲೇಖನ ವಾಪಸ್ ಕಳಸ್ತಾರೇನು? ಎಂಟು ದಿನದಾಗ ಯಾರೂ ಓದೂದಿಲ್ಲ, ಬರೇ ಛಾಪಿಸ್ತಾರ.

ಕನ್ನಡದಲ್ಲೇ ಬರೆದಿದ್ದರಿಂದ, ಕರ್ನಾಟಕ ಇತಿಹಾಸ ಅಕಾಡೆಮಿಯ 'ಇತಿಹಾಸ ದರ್ಶನ'ದ ಸಂಪುಟಗಳನ್ನು ಮೊದಲು ನೋಡು ಅಂದೆ. "ಅದು ವರ್ಷಕ್ಕ ಒಂದ ಸಲ ಬರ್ತದಲ್ರಿ" ಅಂತ ಮುಖ ಸಣ್ಣದು ಮಾಡಿದ. ಆದರೂ ಹೋಗುವಾಗ ಹೇಗ್ ಲೇಖನದ ನಕಲು, ದೇಸಾಯಿ ಸಂಪುಟ ಎರಡನ್ನೂ ಕೇಳಿ ತಗೊಂಡು ಹೋದ.