ಬಸ್ಸು ಫ್ರೀ ಆಯ್ತು, ರಾತ್ರಿ ಆಗಲಿಲ್ಲ: ಕಡಿಮೆ ಖರ್ಚಿನ ಪ್ರವಾಸದ ಒಂದು ಚರಿತ್ರೆ

ಏಪ್ರಿಲ್ ಬಂತೆಂದರೆ ಮೊಬೈಲಿನಲ್ಲಿ ಪಟ್ಟಿಗಳ ಸುರಿಮಳೆ. ಕಡಿಮೆ ದುಡ್ಡಿನಲ್ಲಿ ನೋಡಬಹುದಾದ ಹತ್ತು ಜಾಗ, ಸ್ಟೂಡೆಂಟ್‌ಗಳಿಗೆ ಹೇಳಿ ಮಾಡಿಸಿದ ಐದು ಟ್ರಿಪ್. ಹಂಪಿ, ಬಾದಾಮಿ, ಗೋಕರ್ಣ, ಆಗುಂಬೆ, ಬೀದರ್ ಈ ಪಟ್ಟಿಗಳಲ್ಲಿ ತಪ್ಪದೆ ಇರುತ್ತವೆ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ತಿನ್ನಬೇಕು ಎಲ್ಲ ಬರೆದಿರುತ್ತಾರೆ. ಎಲ್ಲಿ ಮಲಗಬೇಕು ಅನ್ನುವಲ್ಲಿಗೆ ಬಂದಾಗ ಮಾತ್ರ ಲೆಕ್ಕ ಕೆಡುತ್ತದೆ.

ಬಸ್ ಚಾರ್ಜು ಉಳಿಸಲು ದಾರಿ ಇದೆ: ಸಾಮಾನ್ಯ ಬಸ್ಸು ಹತ್ತಬಹುದು, ಪ್ಯಾಸೆಂಜರ್ ರೈಲಿಗೆ ಕಾಯಬಹುದು. ಊಟದ ಖರ್ಚು ಉಳಿಸಲು ಬುತ್ತಿ ಕಟ್ಟಿಕೊಂಡು ಹೋಗಬಹುದು. ಆದರೆ ರಾತ್ರಿಯನ್ನು ಬುತ್ತಿ ಕಟ್ಟಿಕೊಂಡು ಹೋಗಲು ಆಗುವುದಿಲ್ಲ. ಹಾಗಾಗಿ ಬಡವರ ಮನೆಯ ಹುಡುಗ ಹುಡುಗಿಯರ ಪ್ರವಾಸದ ಚರಿತ್ರೆ ಬರೆಯಬೇಕೆಂದರೆ ಊರುಗಳ ಹೆಸರಿನಿಂದಲ್ಲ, ಮಲಗುವ ಜಾಗದಿಂದ ಶುರು ಮಾಡಬೇಕು. ಆ ಜಾಗ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾರಿಗೆ ಬಾಗಿಲು ಹಾಕಿದರು ಎಂಬುದೇ ಆ ಚರಿತ್ರೆ.

ಛತ್ರ ಎಂಬ ಮಾತಿನ ಕಥೆ

ಹಳೇ ಮೈಸೂರು ಕಡೆ ಇವತ್ತು ಯಾರಾದರೂ ‘ಛತ್ರ ಬುಕ್ ಮಾಡಿದ್ವಿ’ ಅಂದರೆ ಮದುವೆ ನಿಶ್ಚಯವಾಗಿದೆ ಎಂದರ್ಥ. ಆದರೆ ಆ ಮಾತು ಹುಟ್ಟಿದ್ದು ದಾರಿಹೋಕರಿಗಾಗಿ. ಸತ್ರ, ಛತ್ರ, ಧರ್ಮಶಾಲೆ, ಮುಸಾಫಿರಖಾನೆ, ಬೇಸಿಗೆಯಲ್ಲಿ ನೀರು ಕೊಡುವ ಅರವಟ್ಟಿಗೆ, ಇಷ್ಟೆಲ್ಲ ಹೆಸರು ನಮ್ಮಲ್ಲಿವೆ. ಅರವಟ್ಟಿಗೆ ಕಟ್ಟಿಸಿದ, ಸತ್ರಕ್ಕೆ ಭೂಮಿ ಬಿಟ್ಟ ದಾನಗಳು ಕನ್ನಡದ ಶಾಸನಗಳಲ್ಲೇ ಸಿಗುತ್ತವೆ. ನಡೆದು ಹೋಗುವವನಿಗೆ ನೆರಳು, ನೀರು, ಒಂದು ರಾತ್ರಿಯ ಸೂರು ಕೊಡುವುದು ಪುಣ್ಯದ ಕೆಲಸ ಎಂದು ನಂಬಿದ್ದ ಕಾಲ ಅದು.

ರೈಲು ಬಂದ ಮೇಲೂ ಆ ನಂಬಿಕೆ ಹೋಗಲಿಲ್ಲ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲ್ವೆ ಸ್ಟೇಷನ್ ಎದುರಿಗೆ ತೋಟದಪ್ಪ ಛತ್ರ ಇದೆಯಲ್ಲ, ಅದನ್ನು ಕಟ್ಟಿಸಿದವರು ಗುಬ್ಬಿಯ ವ್ಯಾಪಾರಿ ತೋಟದಪ್ಪನವರು. 1897ರಲ್ಲಿ ರೈಲ್ವೆಯವರಿಂದ ಜಾಗ ಕೊಂಡು, 1903ರಲ್ಲಿ ಛತ್ರ ತೆರೆದರು. ಆಸ್ತಿಯನ್ನೂ ಅದಕ್ಕೇ ಬರೆದರು. ಹಳ್ಳಿಯಿಂದ ಬಂದ ಓದುವ ಹುಡುಗರಿಗೆ ಹಾಸ್ಟೆಲ್ಲನ್ನೂ ಮಾಡಿದರು. ಛತ್ರ ಕಟ್ಟಲು ಆರಿಸಿದ ಜಾಗ ನೋಡಿ, ರೈಲಿಳಿದ ಕೂಡಲೇ ಕಣ್ಣಿಗೆ ಬೀಳಬೇಕು. ಊರಿಗೆ ಹೊಸದಾಗಿ ಬಂದವನಿಗೆ ಮೊದಲು ಬೇಕಾಗಿದ್ದು ಏನು ಅನ್ನುವುದು ಅವರಿಗೆ ಗೊತ್ತಿತ್ತು.

ಹಾಗಂತ ಹಳೆಯ ಕಾಲವೆಲ್ಲ ಚೆನ್ನಾಗಿತ್ತು ಎಂದು ಹೇಳುವಂತಿಲ್ಲ. ಎಷ್ಟೋ ಸತ್ರಗಳಲ್ಲಿ ಪಂಕ್ತಿಭೇದ ಇತ್ತು. ಕೆಲವು ಜಾತಿಯವರಿಗೆ ಒಳಗಡೆ ಊಟ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳವೂ ಇಲ್ಲ.

ಇದನ್ನು ತಿಳಿಯಲು ಅಂಬೇಡ್ಕರ್ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಆತ್ಮಕಥನ ಓದಬೇಕು. ಅದರಲ್ಲಿ ಬರುವ ಮೊದಲ ಪ್ರಸಂಗವೇ ಬೇಸಿಗೆ ರಜೆಯ ಪ್ರಯಾಣ. 1901ರಲ್ಲಿ, ಇನ್ನೂ ಹತ್ತು ವರ್ಷದ ಆಸುಪಾಸಿನ ಹುಡುಗ ಅಂಬೇಡ್ಕರ್, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ತಂದೆ ಕೆಲಸ ಮಾಡುತ್ತಿದ್ದ ಊರಿಗೆ ಹೊರಟಿದ್ದ. ಹೊಸ ಬಟ್ಟೆ, ರೈಲು, ಸಂಭ್ರಮ. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮೇಲೆ, ಜಾತಿ ಗೊತ್ತಾದ ಕೂಡಲೇ ಯಾವ ಗಾಡಿಯವನೂ ಬರಲೊಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಹುಡುಗರೇ ಹೊಡೆಯಬೇಕು. ರಾತ್ರಿ ಸುಂಕದಕಟ್ಟೆಯ ಹತ್ತಿರ ತಂಗಿದರು. ಬುತ್ತಿ ಇತ್ತು, ಕುಡಿಯಲು ಒಂದು ತೊಟ್ಟು ನೀರು ಸಿಗಲಿಲ್ಲ. ಹಸಿದುಕೊಂಡೇ ಮಲಗಿದರು.

ಗಮನಿಸಿ, ಆ ಮಕ್ಕಳ ಹತ್ತಿರ ದುಡ್ಡಿತ್ತು. ಬಜೆಟ್ ಸಮಸ್ಯೆ ಆಗಿರಲಿಲ್ಲ. ಮುಂದೆ ಅಮೆರಿಕದಲ್ಲಿ ಓದಿ ಬಂದ ಮೇಲೂ ಬರೋಡಾದಲ್ಲಿ ಅವರಿಗೆ ತಂಗಲು ಜಾಗ ಸಿಗದೆ, ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇರಬೇಕಾಯಿತು. ಅಲ್ಲಿಂದಲೂ ಹೊರಹಾಕಿದರು. ಸೂರು ದಾನವಾಗಿ ಸಿಗುವವರೆಗೆ ಕೊಡುವವನ ಮನಸ್ಸೇ ಕಾನೂನು. ಅದು ಹಕ್ಕಾಗಬೇಕಾದರೆ ಬೇರೆ ಯೋಚನೆಯೇ ಬೇಕಿತ್ತು.

ಖಾಲಿ ಶಾಲೆಯಲ್ಲಿ ಹುಟ್ಟಿದ ಯೋಚನೆ

ಆ ಯೋಚನೆ ಬಂದದ್ದು ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರಿಗೆ. ಹೆಸರು ರಿಚರ್ಡ್ ಶಿರ್ಮನ್. ಕಾರ್ಖಾನೆಗಳ ಸೀಮೆಯ ಆಲ್ಟೆನಾ ಎಂಬ ಊರಿನಲ್ಲಿ ಕೆಲಸ. ಹೊಗೆಯಲ್ಲಿ ಬೆಳೆದ ಮಕ್ಕಳು ಕಾಡು, ಹೊಳೆ ನೋಡಲಿ ಎಂದು ತರಗತಿಯನ್ನೇ ಹೊರಗೆ ನಡೆಸಿಕೊಂಡು ಹೋಗುತ್ತಿದ್ದರು. 1909ರ ಆಗಸ್ಟ್ 26ರಂದು ಮಕ್ಕಳ ಜೊತೆ ಕೆಲವು ದಿನಗಳ ಕಾಲ್ನಡಿಗೆಯಲ್ಲಿದ್ದಾಗ ಬ್ರೋಲ್ ಕಣಿವೆಯಲ್ಲಿ ಗುಡುಗು ಮಳೆ ಹಿಡಿಯಿತು. ರಜೆಗೆ ಖಾಲಿ ಬಿದ್ದಿದ್ದ ಒಂದು ಹಳ್ಳಿ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ಮಕ್ಕಳು ಮಲಗಿದರು. ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಪ್ರತಿ ಊರಿನ ಶಾಲೆಯೂ ಖಾಲಿ ಇರುತ್ತದೆ. ಒಂದು ದಿನ ನಡೆದು ತಲುಪುವಷ್ಟು ದೂರಕ್ಕೊಂದು ಶಾಲೆ ರಾತ್ರಿ ಬಾಗಿಲು ತೆರೆದರೆ ಸಾಕಲ್ಲ? ಎರಡು ಕೋಣೆ ಸಾಕು, ಹುಡುಗರಿಗೊಂದು, ಹುಡುಗಿಯರಿಗೊಂದು. ಬೆಂಚುಗಳನ್ನು ಒತ್ತಟ್ಟಿಗೆ ಸರಿಸಿದರೆ ಆಯಿತು.

ಮರುವರ್ಷ ಇದನ್ನು ಪತ್ರಿಕೆಯಲ್ಲಿ ಬರೆದರು. 1912ರಲ್ಲಿ ಆಲ್ಟೆನಾದ ಹಳೆಯ ಕೋಟೆಯಲ್ಲಿ ಜಗತ್ತಿನ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ಬಂತು. 1930ರಲ್ಲಿ ಬ್ರಿಟನ್ನಿನಲ್ಲಿ ಯೂತ್ ಹಾಸ್ಟೆಲ್ ಸಂಘ ಶುರುವಾದಾಗ ರಾತ್ರಿಗೆ ಒಂದು ಶಿಲಿಂಗ್ ದರ. ಬೆಳಿಗ್ಗೆ ಕಸ ಗುಡಿಸುವುದು, ಪಾತ್ರೆ ತೊಳೆಯುವುದು ಉಳಿದವರದ್ದೇ ಕೆಲಸ. ಆಳು ಕಾಳು ಇಲ್ಲದ್ದರಿಂದಲೇ ದರ ಕಡಿಮೆ ಇಡಲು ಆಯಿತು. ಗಿರಣಿ ಕೆಲಸದ ಹುಡುಗ ಹುಡುಗಿಯರು ವಾರದ ಕೊನೆಗೆ ಬೆಟ್ಟಕ್ಕೆ ಹೋಗಿ ಉಳಿಯುವಂತಾಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ದೇಶದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಶಿರ್ಮನ್ ಅಧ್ಯಕ್ಷರಾದರು. ಮುಂದಿನ ವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದು, ಜರ್ಮನಿಯ ಹಾಸ್ಟೆಲ್‌ಗಳು ಹಿಟ್ಲರ್ ಯೂತ್ ಕೈಗೆ ಹೋದವು. ಕೆಲವು ವರ್ಷಗಳಲ್ಲಿ ಶಿರ್ಮನ್ ಅಧ್ಯಕ್ಷ ಸ್ಥಾನವನ್ನೂ ಬಿಡಬೇಕಾಯಿತು. ಎಲ್ಲರಿಗೆಂದು ತೆರೆದ ಬಾಗಿಲಿನ ಕೀಲಿ ಯಾರ ಕೈಲಿ ಇರುತ್ತದೆ ಎಂಬ ಪ್ರಶ್ನೆ ಅಲ್ಲಿಯೂ ಇತ್ತು.

ಭಾರತಕ್ಕೆ ಈ ಚಳವಳಿ ಬಂದದ್ದು ಸ್ಕೌಟ್ಸ್ ಮೂಲಕ. 1945ರ ಜೂನ್‌ನಲ್ಲಿ ಶಿಮ್ಲಾ ಹತ್ತಿರದ ತಾರಾದೇವಿಯಲ್ಲಿ ಪಂಜಾಬಿನ ಸ್ಕೌಟ್ಸ್ ಒಂದು ಹಾಸ್ಟೆಲ್ ತೆರೆದರು. ಅದಾದ ಮೇಲೆ, 1949ರಲ್ಲಿ, ಈ ಕೆಲಸ ಕೈಗೆತ್ತಿಕೊಂಡ ಊರು ನಮ್ಮ ಮೈಸೂರು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಬೇರು ಈ ಎರಡು ಪ್ರಯತ್ನಗಳಲ್ಲಿದೆ. ಇವತ್ತಿಗೂ ಮೇ ತಿಂಗಳಲ್ಲಿ ಹಿಮಾಚಲದ ಸಾರ್ ಪಾಸ್‌ನಂಥ ಕಡೆ ಆ ಸಂಘದ ಟ್ರೆಕ್ಕಿಂಗ್ ಕ್ಯಾಂಪ್‌ಗಳಿಗೆ ಕರ್ನಾಟಕದಿಂದ ಹುಡುಗರು ಹೋಗುತ್ತಾರೆ. ಕೇಂದ್ರ ಸರ್ಕಾರವೂ ರಾಜ್ಯಗಳು ಕೊಟ್ಟ ಜಾಗದಲ್ಲಿ ಯೂತ್ ಹಾಸ್ಟೆಲ್ ಕಟ್ಟಿಸಿತು. ಕಟ್ಟಡಗಳು ಬಂದವು. ಆದರೆ ಅವು ಊರಿಂದೂರಿಗೆ ಒಂದರಂತೆ ಬರಲಿಲ್ಲ. ಶಿರ್ಮನ್ ಹೇಳಿದ್ದು ದೊಡ್ಡ ಕಟ್ಟಡ ಕಟ್ಟಿ ಎಂದಲ್ಲ, ಇರುವ ಶಾಲೆಯ ಬೀಗ ತೆಗೆಯಿರಿ ಎಂದು. ಆ ಅರ್ಧ ಯೋಚನೆ ಇಲ್ಲಿಗೆ ಬರಲೇ ಇಲ್ಲ.

ಗಡ್ಡಿಯ ಹತ್ತಿಪ್ಪತ್ತು ವರ್ಷ

ಸರ್ಕಾರ ಮಾಡದ ಕೆಲಸವನ್ನು ಕೆಲವು ಕಡೆ ಊರಿನವರೇ ಮಾಡಿದರು. ಹಂಪಿಯ ಎದುರು ದಂಡೆ, ತುಂಗಭದ್ರೆಯ ಆಚೆಗಿನ ವಿರೂಪಾಪುರ ಗಡ್ಡಿ ಇದಕ್ಕೆ ಉದಾಹರಣೆ. ಗದ್ದೆಯ ಬದಿಯಲ್ಲಿ ಗುಡಿಸಲು, ನೆಲದ ಮೇಲೆ ಹಾಸಿಗೆ, ಕಟ್ಟೆಯ ಮೇಲೆ ಊಟ. ಮೊದಲು ವಿದೇಶಿಯರು, ಆಮೇಲೆ ಬೆಂಗಳೂರು ಹೈದರಾಬಾದಿನ ಹುಡುಗರು ಬಂದರು. ವಿಜಯನಗರ ನೋಡಲು ನಾಲ್ಕು ದಿನ ಬೇಕು ಅನ್ನುವವರಿಗೆ ನಾಲ್ಕು ದಿನ ಇರುವಷ್ಟು ಅಗ್ಗದ ಜಾಗ ಅದೊಂದೇ ಆಗಿತ್ತು.

ಆದರೆ ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಪ್ರಾಧಿಕಾರ ಬಂತು, ನಿಯಮ ಬಂತು. 2011ರ ಜುಲೈನಲ್ಲಿ ಈಚೆ ದಂಡೆಯ ಹಂಪಿ ಬಜಾರಿನ ಮನೆ ಅಂಗಡಿಗಳು ಹೋದವು. ಗಡ್ಡಿಯ ಅಕ್ರಮ ರೆಸಾರ್ಟ್‌ಗಳ ವಿಷಯ ಕೋರ್ಟಿಗೆ ಹೋಗಿ, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶ ಎತ್ತಿಹಿಡಿಯಿತು. ಮರು ತಿಂಗಳು ಜೆಸಿಬಿಗಳು ಬಂದವು.

ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಿಯಮ ಮೀರಿ ಕಟ್ಟಿದ್ದನ್ನು ಸಮರ್ಥಿಸುವುದೂ ಬೇಡ. ಪ್ರಶ್ನೆ ಬೇರೆ: ಹಂಪಿಗೆ ಬರುವ ಕಾಲೇಜು ಹುಡುಗ ಹುಡುಗಿಯರು ಮಲಗುವುದೆಲ್ಲಿ ಎಂಬ ಪ್ರಶ್ನೆಗೆ ಯಾವ ನಕ್ಷೆಯಲ್ಲೂ ಜಾಗ ಇರಲಿಲ್ಲ. ಅಗ್ಗದ್ದೆಲ್ಲ ಅಕ್ರಮವಾಗಿ, ಸಕ್ರಮವಾದದ್ದೆಲ್ಲ ದುಬಾರಿಯಾಗಿ ಉಳಿಯಿತು.

ಶಕ್ತಿ ಬಂದ ಮೇಲೆ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಮೊದಲ ವಾರಗಳಲ್ಲೇ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ತುಂಬಿ ತುಳುಕಿದವು. ‘ದೇಶ ಸುತ್ತು, ಕೋಶ ಓದು’ ಅನ್ನುವ ಗಾದೆಯ ಮೊದಲ ಅರ್ಧ ನಮ್ಮ ಹೆಣ್ಣುಮಕ್ಕಳಿಗೆ ಇಷ್ಟು ಸಲೀಸಾಗಿ ಹಿಂದೆಂದೂ ಸಿಕ್ಕಿರಲಿಲ್ಲ.

ಆದರೆ ಎಷ್ಟು ದೂರ? ಕುಷ್ಟಗಿ ಕಡೆಯ ಡಿಗ್ರಿ ಓದುವ ನಾಲ್ಕು ಹುಡುಗಿಯರನ್ನು ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿಸಿದ್ದೆ. ಗುಹೆ, ಅಗಸ್ತ್ಯತೀರ್ಥ ನೋಡಿ ಮುಗಿಸಿದ್ದರು. ಪಟ್ಟದಕಲ್ಲು ಅಲ್ಲಿಂದ 22 ಕಿಲೋಮೀಟರ್, ಅದರಾಚೆ ಐಹೊಳೆ. ಮರುದಿನ ನೋಡಬಹುದಿತ್ತು. ಅವರು ಸಂಜೆಯ ಬಸ್ಸಿಗೆ ಕಾಯುತ್ತಿದ್ದರು. ಒಬ್ಬಳು ಅಂದಳು: “ಹೋಗಾಕ ರೊಕ್ಕ ಬ್ಯಾಡ ಸರ್, ಉಳ್ಯಾಕ ಬೇಕು. ಅದೂ ಬರೇ ಹುಡುಗ್ಯಾರಂದ್ರ ರೂಮ್ ಕೊಡೂದಿಲ್ಲ.”

ಅದು ಅವಳೊಬ್ಬಳ ಮಾತಲ್ಲ. ಒಂಟಿಯಾಗಿ ಬಂದವರಿಗೆ ರೂಮಿಲ್ಲ, ಕುಟುಂಬದವರಿಗೆ ಮಾತ್ರ ಎಂಬ ನಿಯಮ ಎಷ್ಟೋ ಯಾತ್ರಾಸ್ಥಳಗಳ ವಸತಿಗೃಹಗಳಲ್ಲೇ ಇದೆ. ಊಟ ಹಾಕಿ ಕಳಿಸುವ ದೊಡ್ಡ ಕ್ಷೇತ್ರಗಳು ನಮ್ಮಲ್ಲಿವೆ, ಅದಕ್ಕೆ ಅವುಗಳಿಗೆ ಋಣಿ. ಆದರೆ ಪ್ರವಾಸ ಅಂದರೆ ದೇವಸ್ಥಾನವೊಂದೇ ಅಲ್ಲವಲ್ಲ. ಇನ್ನು ತಾಲ್ಲೂಕಿಗೊಂದು ಐಬಿ ಇದೆ. ಬೋರ್ಡಿನ ಮೇಲೆ ‘ಪ್ರವಾಸಿ ಮಂದಿರ’ ಎಂದು ಬರೆದಿರುತ್ತದೆ. ಒಳಗೆ ಇರುವವರು ಸಾಹೇಬರು ಮತ್ತು ರಾಜಕಾರಣಿಗಳು. ಬೆನ್ನಿಗೆ ಬ್ಯಾಗು ಹಾಕಿದ ಪ್ರವಾಸಿ ಗೇಟಿನ ಹತ್ತಿರ ಸುಳಿಯುವಂತಿಲ್ಲ.

2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ ರಾತ್ರಿ ಪ್ರವಾಸಿಗರ ಮೇಲೆ ದಾಳಿ ನಡೆದು, ಮಹಿಳೆಯರ ಮೇಲೆ ಅತ್ಯಾಚಾರವಾಗಿ, ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಅಂಥ ಸುದ್ದಿ ಕೇಳಿದ ಅಪ್ಪ ಅಮ್ಮ ಮಗಳಿಗೆ ಹೇಳುವುದು ಒಂದೇ ಮಾತು: ಹೋಗು, ಕತ್ತಲಾಗುವುದರೊಳಗೆ ಬಾ. ಅವರ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಉತ್ತರ ಮಗಳನ್ನು ವಾಪಸ್ ಕರೆಸುವುದಲ್ಲ, ಅವಳು ನೆಮ್ಮದಿಯಿಂದ ಉಳಿಯುವ ಜಾಗ ಮಾಡುವುದು.

ಬೀಗ ನಮ್ಮ ಹತ್ತಿರವೇ ಇದೆ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ನಮ್ಮ ಸರ್ಕಾರಿ ಶಾಲೆಗಳಿಗೆ ಬೀಗ. ಸಮಾಜ ಕಲ್ಯಾಣ ಇಲಾಖೆಯ, ಬಿಸಿಎಂ ಇಲಾಖೆಯ ಎಷ್ಟೋ ಹಾಸ್ಟೆಲ್‌ಗಳೂ ಖಾಲಿ. ಅಲ್ಲಿ ಮಂಚ, ಫ್ಯಾನು, ಬಚ್ಚಲು, ಅಡುಗೆಮನೆ, ವಾರ್ಡನ್ ಎಲ್ಲ ಇದೆ. ಹುಡುಗಿಯರ ಹಾಸ್ಟೆಲ್ಲೇ ಬೇರೆ ಇದೆ.

ಇದು ಆಗದ ಕೆಲಸ ಎನ್ನುವವರಿಗೆ ಎರಡು ಸಂಗತಿ ನೆನಪಿಸಬೇಕು. ಚುನಾವಣೆ ಬಂದಾಗ ಮತಗಟ್ಟೆ ಸಿಬ್ಬಂದಿ ರಾತ್ರಿ ಮಲಗುವುದು ಇದೇ ಶಾಲೆಗಳಲ್ಲಿ. ಹೊಳೆ ಬಂದಾಗ ಕಾಳಜಿ ಕೇಂದ್ರ ತೆರೆಯುವುದೂ ಇಲ್ಲೇ, ಒಂದೇ ದಿನದಲ್ಲಿ ನೂರಾರು ಜನಕ್ಕೆ ಹಾಸಿಗೆ ಊಟ ಆಗುತ್ತದೆ. ಶಾಲೆಯನ್ನು ಸೂರು ಮಾಡುವುದು ನಮ್ಮ ತಹಶೀಲ್ದಾರರಿಗೆ, ಮುಖ್ಯ ಶಿಕ್ಷಕರಿಗೆ, ಬಿಸಿಯೂಟದ ಅಕ್ಕಂದಿರಿಗೆ ಚೆನ್ನಾಗಿ ಗೊತ್ತಿರುವ ಕೆಲಸ.

ಬಾದಾಮಿ, ಕಮಲಾಪುರ, ಆನೆಗೊಂದಿ, ಬೀದರ್, ತೀರ್ಥಹಳ್ಳಿ, ಇಂಥ ಕೆಲವು ಊರುಗಳಲ್ಲಿ ಒಂದೊಂದು ಹಾಸ್ಟೆಲ್ಲನ್ನು ರಜೆಯಲ್ಲಿ ಕಾಲೇಜು ಗುರುತಿನ ಚೀಟಿ ತೋರಿಸಿದವರಿಗೆ ತೆರೆಯಲಿ. ಅಡುಗೆಯವರಿಗೆ, ಕಾವಲಿನವರಿಗೆ ರಜೆಯ ತಿಂಗಳ ಕೂಲಿ ಆಗುವಷ್ಟು ಬಾಡಿಗೆ ಇರಲಿ. ಜಾತಿ ಕೇಳಬಾರದು, ಒಂಟಿಯಾಗಿ ಬಂದಿದ್ದಕ್ಕೆ ಕಾರಣ ಕೇಳಬಾರದು. ಬೆಳಿಗ್ಗೆ ಕಸ ಗುಡಿಸಿ ಹೋಗಲಿ. ಕುಷ್ಟಗಿಯ ಆ ಹುಡುಗಿಯರಿಗೆ ಐಹೊಳೆ ನೋಡಲು ಬೇಕಾಗಿದ್ದದ್ದು ಅಷ್ಟೇ, ಒಂದು ರಾತ್ರಿ.