ಕೋವಿಬೆಳಕು: ಜರ್ಮನ್ ಬೇಟೆಗಾರರ ಇರುಳು

ಜರ್ಮನ್ ಬೇಟೆಗಾರರಲ್ಲಿ ಶತಮಾನಗಳಿಂದ ಬೆಳೆದುಬಂದ ವೃತ್ತಿಭಾಷೆಯೊಂದಿದೆ. ಅದರಲ್ಲಿ ಮಿಗದ ರಕ್ತಕ್ಕೆ ‘ಬೆವರು’ ಎಂದೂ ಜಿಂಕೆಯ ಕಣ್ಣುಗಳಿಗೆ ‘ದೀಪಗಳು’ ಎಂದೂ ಹೆಸರು. ಗುರಿಯಿಡಲು ಸಾಲುವಷ್ಟು ಬೆಳಕಿಗೂ ಅಲ್ಲೊಂದು ಪದವುಂಟು: ‘ಬ್ಯೂಕ್ಸನ್‌ಲಿಷ್ಟ್’, ಅಂದರೆ ಕೋವಿಬೆಳಕು. ಇದು ಗಡಿಯಾರದ ವೇಳೆಯಲ್ಲ. ಮೋಡ, ಹಿಮ, ಬೆಳದಿಂಗಳು, ಬೇಟೆಗಾರನ ಕಣ್ಣು ಇವೆಲ್ಲ ಕೂಡಿ ನಿರ್ಣಯಿಸುವ ಮಿತಿ.

ಕಾನೂನು ಮಾತ್ರ ಗಡಿಯಾರವನ್ನೇ ನೆಚ್ಚಿದೆ. 1952ರಲ್ಲಿ ರೂಪುಗೊಂಡ ಒಕ್ಕೂಟ ಬೇಟೆ ಕಾಯಿದೆಯ 19ನೆಯ ವಿಧಿಯಂತೆ ಸೂರ್ಯಾಸ್ತವಾಗಿ ಒಂದೂವರೆ ಗಂಟೆ ಕಳೆದರೆ ರಾತ್ರಿ. ಆಗ ಜಿಂಕೆಯನ್ನು ಹೊಡೆಯುವಂತಿಲ್ಲ. ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಈ ರಕ್ಷೆಯಿಲ್ಲ.

ಅಟ್ಟಣೆಯ ಮೇಲೆ ಹಂದಿಗಾಗಿ ಕಾಯುವವನ ತೊಡಕು ವಿಚಿತ್ರವಾದುದು. ಎಂಟು ಪಟ್ಟು ಹಿಗ್ಗಿಸುವ, 56 ಮಿ.ಮೀ. ಮುಂಗಾಜಿನ ಕೋವಿ ದುರ್ಬೀನು 7 ಮಿ.ಮೀ. ಅಗಲದ ಬೆಳಕಿನ ಕಿರಣಪುಂಜವನ್ನು ಕಣ್ಣಿಗೆ ಒದಗಿಸುತ್ತದೆ. ಕತ್ತಲಲ್ಲಿ ತರುಣನ ಕಣ್ಣಪಾಪೆ ಅರಳುವುದೂ ಸರಿಸುಮಾರು ಅಷ್ಟೇ. ಹಂದಿ ಕಾಣುತ್ತದೆ, ಆದರೆ ಅದರ ಕಪ್ಪು ಮೈಯಲ್ಲಿ ಕಪ್ಪು ಗುರಿಗೆರೆ ಕರಗಿಹೋಗುತ್ತದೆ. ಇದಕ್ಕೆ ಮೊದಲು ದಪ್ಪನೆಯ ಗೆರೆಗಳಿಂದ, ಆಮೇಲೆ ನಡುವೆ ಬೆಳಗುವ ಕೆಂಪು ಚುಕ್ಕಿಯಿಂದ ಪರಿಹಾರ ಕಂಡುಕೊಳ್ಳಲಾಯಿತು. ಚುಕ್ಕಿ ಪ್ರಖರವಾದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುವುದರಿಂದ, ಅದನ್ನು ಮಂಕಾಗಿಸುವ ಗುಂಡಿಯೇ ಹೆಚ್ಚು ಬೆಲೆಯುಳ್ಳದ್ದು.

ಮಿಗದ ಮೇಲೆ ಕೃತಕ ಬೆಳಕು ಚೆಲ್ಲುವುದನ್ನು ಅದೇ 19ನೆಯ ವಿಧಿ ನಿಷೇಧಿಸುತ್ತದೆ. ಚುಕ್ಕಿ ಬೆಳಗುವುದು ಗುರಿಗೆರೆಯನ್ನು, ಮಿಗವನ್ನಲ್ಲ. ಆದುದರಿಂದ ಅದು ನಿಷೇಧಕ್ಕೆ ಒಳಪಡಲಿಲ್ಲ. ಈ ವಿವೇಚನೆ ಸೂಕ್ಷ್ಮವಾದರೂ ಸರಿಯಾದುದು: ಎದುರಿಗಿರುವುದು ಮರಿಗಳುಳ್ಳ ತಾಯಿಹಂದಿಯೇ ಎಂಬುದನ್ನು ಚುಕ್ಕಿ ಹೇಳದು, ಅದನ್ನು ಕೋವಿಬೆಳಕೇ ಹೇಳಬೇಕು. 2020ರ ಶಸ್ತ್ರಾಸ್ತ್ರ ಕಾನೂನಿನ ತಿದ್ದುಪಡಿಯು ದುರ್ಬೀನಿಗೆ ಜೋಡಿಸುವ ಇರುಳುನೋಟದ ಸಾಧನಗಳನ್ನು ಬೇಟೆಗಾರರು ಹೊಂದಲು ಅವಕಾಶವಿತ್ತು, ಬಳಕೆಯನ್ನು ಬೇಟೆ ಕಾನೂನಿನ ನಿರ್ಣಯಕ್ಕೆ ಬಿಟ್ಟಿತು.