ಅಜ್ಜಿ ಒತ್ತಿದ ಹೆಬ್ಬೆಟ್ಟು

ಮನೆಯಲ್ಲಿರೋ ಹಿರಿಯರ ಆಧಾರ್ ಕಾರ್ಡ್ ಒಮ್ಮೆ ತೆಗೆದು ನೋಡಿ. ಹುಟ್ಟಿದ ದಿನ ಜನವರಿ 1 ಅಂತಿರೋ ಸಾಧ್ಯತೆ ಜಾಸ್ತಿ. ದಿನಾಂಕ ಗೊತ್ತಿಲ್ಲದೆ ಬರೀ ವಯಸ್ಸು ಹೇಳಿದವರಿಗೆ ಕಂಪ್ಯೂಟರ್ ಕೊಟ್ಟ ಹುಟ್ಟುಹಬ್ಬ ಅದು. ನಮ್ಮಜ್ಜಿಯದೂ ಅದೇ. ದೇಶಕ್ಕೆಲ್ಲ ಒಂದೇ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅಷ್ಟೊತ್ತಿಗೆ ಅಜ್ಜಿ ದೊಡ್ಡ ಮಗಳ ಮದುವೆ ಮಾಡಿ ಮುಗಿಸಿದ್ಲು.

ಅವಳ ಲೆಕ್ಕ ಬೇರೆ ಇತ್ತು: "ಗಾಂಧಿ ನಂದಿ ಬೆಟ್ಟದಲ್ಲಿದ್ದ ವರ್ಷ ಹುಟ್ಟಿದ್ದು." ಆರೋಗ್ಯ ಕೆಟ್ಟಿದ್ದ ಗಾಂಧೀಜಿ ನಂದಿಗೆ ಬಂದು ಉಳಿದದ್ದು 1927ರಲ್ಲಿ. ಅಲ್ಲಿಗೆ ಅಜ್ಜಿ ಬದುಕಿದ್ದು ಹತ್ತಿರತ್ತಿರ 94 ವರ್ಷ.

ಮದುವೆಯಾದಾಗ ಅವಳಿಗೆ 12. ಹುಡುಗಿಗೆ 14 ಆಗಿರಬೇಕು ಅನ್ನೋ ಶಾರದಾ ಕಾಯ್ದೆ 1929ರಲ್ಲೇ ಬಂದಿತ್ತಲ್ಲ ಅಂತ ನೀವು ಕೇಳಬಹುದು. ಅದು ಬ್ರಿಟಿಷ್ ಇಂಡಿಯಾದ ಕಾನೂನು. ನಮ್ಮದು ಮೈಸೂರು ಸಂಸ್ಥಾನ. ಇಲ್ಲಿ 1894ರಲ್ಲೇ ಒಂದು ಕಾನೂನು ಆಗಿತ್ತು, ನಿಜ. ಆದರೆ ಅದು ತಡೆದದ್ದು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನ. ಅಜ್ಜಿ ಎರಡೂ ಕಾನೂನುಗಳ ಸಂದಿಯಲ್ಲಿ ಗಂಡನ ಮನೆ ಸೇರಿದ್ಲು.

ಮೊದಲ ಮಹಾಚುನಾವಣೆ ಹೊತ್ತಿಗೆ ಅವಳಿಗೆ 25. ಆಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಹೊರಗುಳಿಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಹೆಸರು ಕೇಳಿದರೆ "ಇಂಥವರ ಹೆಂಡತಿ", "ಇಂಥವನ ತಾಯಿ" ಅಂತಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಆಗಲ್ಲ ಅಂತ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಅಜ್ಜಿ ಹೆಸರು ಪಟ್ಟಿಯಲ್ಲಿತ್ತು, ವೋಟೂ ಹಾಕಿದ್ಲು. ಆದರೆ ಪಹಣಿಯಲ್ಲಿ ತಾತನ ಹೆಸರು ಮಾತ್ರ. ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿಯೆಲ್ಲ ಎದ್ದು ರೇಷ್ಮೆ ಹುಳಕ್ಕೆ ಹಾಕುತ್ತಿದ್ದವಳು ಅವಳು. ಗೂಡು ಮಾರಿ ದುಡ್ಡು ಎಣಿಸುತ್ತಿದ್ದವರು ತಾತ.

ಇನ್ನು ಅವಳ ತವರಿನ ಜಮೀನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಎಪ್ಪತ್ತರ ದಶಕದಲ್ಲಿ ಅಪ್ಪ ತೀರಿಕೊಂಡಾಗ ತಮ್ಮಂದಿರು ಒಂದು ಹಕ್ಕು ಬಿಡುಗಡೆ ಪತ್ರ ತಂದರು. ಅಜ್ಜಿ ಹೆಬ್ಬೆಟ್ಟು ಒತ್ತಿದ್ಲು. ಸಿಕ್ಕಿದ್ದು ಅರಿಶಿನ ಕುಂಕುಮ, ಒಂದು ಸೀರೆ.

1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನ ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದ ಅಳಿಸಿತು, ಆದರೆ ಹಳೇ ವಿಭಾಗಗಳನ್ನ ಮುಟ್ಟಲಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾಯಿತು. ಆಮೇಲೆ ಆ ಕಡೆ ಜಮೀನಿನ ರೇಟು ಏನಾಯ್ತು ಅಂತ ಸೈಟ್ ಹುಡುಕಿದ ಯಾರಿಗೂ ಹೇಳಬೇಕಾಗಿಲ್ಲ.

"ಮೋಸ ಮಾಡಿದ್ರಲ್ಲ ಅಜ್ಜಿ" ಅಂದೆ ಒಂದ್ಸಲ.

"ಯಾರೂ ಮೋಸ ಮಾಡಿಲ್ಲ ಕಣೋ. ನಿಮ್ಮ ತಾತ ಕುಡಿದು ಹೊಡೆದಾಗ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ? ಆ ಬಾಗಿಲು ತೆಗೆದಿರ್ಲಿ ಅಂತ ಬರೆದುಕೊಟ್ಟೆ."

ಅಕ್ಷರ ಬರದ ಹೆಂಗಸು ಕಾನೂನು ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿದ್ಲು ಅಂತ ನಾವು ಸುಲಭವಾಗಿ ಬರೆದುಬಿಡ್ತೀವಿ. ಅವಳು ಲೆಕ್ಕ ಹಾಕೇ ಒತ್ತಿದ್ದು. ಗಂಡನ ಮನೆಯಲ್ಲಿ ಹೆಸರಿಗೊಂದು ಗುಂಟೆ ಇಲ್ಲದವಳಿಗೆ ತವರೇ ಇನ್ಶೂರೆನ್ಸ್; ಅದಕ್ಕೆ ಕಟ್ಟಿದ ಪ್ರೀಮಿಯಂ ಅವಳ ಭಾಗದ ಜಮೀನು. ಹಕ್ಕನ್ನ ಕಾನೂನು ಕೊಟ್ಟಿತು. ಆ ಹಕ್ಕು ಕೇಳಿದ ಮೇಲೆ ಉಳಿಯೋದಕ್ಕೊಂದು ಮನೆಯನ್ನ ಯಾರೂ ಕೊಡಲಿಲ್ಲ.

ನಿಮ್ಮಜ್ಜಿ ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಹಳೇ ಫೋಟೋ ಜೊತೆ ಇದನ್ನೂ ಕೇಳಿ: ಯಾವ್ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ, ಯಾಕೆ? ಆ ಕಾಗದ ತಾಲೂಕು ಕಚೇರಿಯಲ್ಲಿ ಸಿಗಬಹುದು. ಕಾರಣ ಅವಳ ಹತ್ತಿರ ಮಾತ್ರ ಇದೆ.